ಪುಕ್ಕಟೆ ಪಡೆಯಬಾರದ ಚಾಕು

“ಗುರುಗಳೇ, ಗುಡ್ಡ ಜರಿದ ಊರಿಗೆ ಹೋಗಿ ಬಂದೆವು. ಅಕ್ಕಿ ಕೊಟ್ಟೆವು, ಬಟ್ಟೆ ಕೊಟ್ಟೆವು, ಕಂಬಳಿ ಕೊಟ್ಟೆವು. ಬೇಡ ಎಂದವರು ಒಬ್ಬರೂ ಇಲ್ಲ. ಆದರೆ ನಾವು ಯಾವಾಗ ಹೊರಡುತ್ತೇವೋ ಎಂದು ಕಾಯುತ್ತಿದ್ದರು ಅನ್ನಿಸಿತು. ನಾವು ಕೊಟ್ಟದ್ದರಲ್ಲಿ ಏನು ಕಡಿಮೆಯಾಯಿತು?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಜಪಾನ್ ದೇಶದ ಒಂದು ಪಟ್ಟಣದಲ್ಲಿ ಒಬ್ಬ ಸಾಣೆಗಾರನಿದ್ದ. ಅಡುಗೆಮನೆಯ ಚಾಕುಗಳನ್ನು ಮಸೆದು ಕೊಡುವುದು ಅವನ ಕಸುಬು. ಅವನ ಕೆಲಸ ಹರಿತ, ಮಾತು ಮೊಂಡು. ಬಾಯಿ ಬಿಟ್ಟರೆ ಯಾರಿಗಾದರೂ ನೋವಾಗುತ್ತಿತ್ತು. ಅದಕ್ಕೇ ಹೆಚ್ಚು ಬಾಯಿ ಬಿಡುತ್ತಿರಲಿಲ್ಲ.

ಅದೇ ದೇಶದ ಕಡಲ ದಂಡೆಯಲ್ಲಿ ಒಂದು ಮೀನುಗಾರರ ಊರಿತ್ತು. ಒಂದು ದಿನ ಭೂಮಿ ನಡುಗಿತು. ಅದರ ಹಿಂದೆಯೇ ಸಮುದ್ರ ಎದ್ದು ಊರೊಳಗೆ ಬಂತು. ಹಿಂತಿರುಗುವಾಗ ಮನೆಗಳನ್ನೂ ಮನೆಯವರನ್ನೂ ಎಳೆದುಕೊಂಡು ಹೋಯಿತು. ಉಳಿದವರು ಗುಡ್ಡದ ಮೇಲಿನ ಶಾಲೆಯನ್ನು ಸೇರಿದರು. ಲಾರಿಗಳಲ್ಲಿ ಬಟ್ಟೆ ಬಂತು. ಬೇಯಿಸಿದ ಅನ್ನವೂ ಲಾರಿಯಲ್ಲೇ ಬಂತು. ತಿಂಗಳುಗಳು ಉರುಳಿದವು. ಆ ಊರಿನಲ್ಲಿ ಒಲೆ ಮಾತ್ರ ಹೊತ್ತಲಿಲ್ಲ.

ಒಲೆ ಹೊತ್ತದ ಊರು ಎಂಬ ಮಾತು ಸಾಣೆಗಾರನಿಗೆ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಾಯಿತು. ನುಂಗಲೂ ಆಗದು, ಉಗುಳಲೂ ಆಗದು. ಆ ಹೆಂಗಸರ ಕೈಗೆ ಚಾಕು ಸಿಕ್ಕರೆ ಒಲೆ ತಾನಾಗಿ ಹೊತ್ತುತ್ತದೆ ಎಂದು ಅವನಿಗೆ ತೋರಿತು. ಮನೆಮನೆಗೆ ಹೋಗಿ, “ಮೂಲೆಗೆ ಬಿದ್ದ ಹಳೆಯ ಚಾಕು ಇದ್ದರೆ ಕೊಡಿ. ಸರಿಮಾಡಿ ಅವರಿಗೆ ಮುಟ್ಟಿಸುತ್ತೇನೆ” ಎಂದು ಕೇಳಿದ.

ಪಕ್ಕದ ಮನೆಯ ವ್ಯಾಪಾರಿ ನಕ್ಕ. “ಮನೆಯೇ ಇಲ್ಲದವರಿಗೆ ಅಡುಗೆಮನೆಯ ಚಾಕು! ಬೋಳುತಲೆಗೆ ಬಾಚಣಿಗೆ ಕೊಟ್ಟ ಹಾಗಾಯಿತಲ್ಲಯ್ಯಾ.”

“ಅವರಿಗೆ ಕೂದಲು ಬೆಳೆಯುತ್ತೆ ಬಿಡಿ. ನಿಮ್ಮ ತಲೆಯ ಮಾತು ಬೇರೆ.”

ವ್ಯಾಪಾರಿ ತಲೆ ಸವರಿಕೊಂಡು ಒಳಗೆ ಹೋದ. ಹೊರಗೆ ಬಂದಾಗ ಅವನ ಕೈಯಲ್ಲಿ ತೀರಿಹೋದ ತಾಯಿಯ ಚಾಕು ಇತ್ತು.

ಹೀಗೆ ಚಾಕುಗಳು ಬಂದವು. ಯಾರದೋ ಅತ್ತೆಯದು, ಯಾರದೋ ಅಜ್ಜಿಯದು. ಕೆಲವನ್ನು ತುಕ್ಕು ತಿಂದಿತ್ತು. ಕೆಲವಕ್ಕೆ ಹಿಡಿಯೇ ಇರಲಿಲ್ಲ. ಕೆಲವು ಮಸೆದೂ ಮಸೆದೂ ಬೆರಳಿನಷ್ಟು ಸವೆದಿದ್ದವು. ಸಾಣೆಗಾರ ಅಂಗಡಿಯ ಬಾಗಿಲು ಹಾಕಿ ಕೂತ. ತುಕ್ಕು ಕೆರೆದ. ಬಾಗಿದ್ದನ್ನು ತಟ್ಟಿ ನೇರ ಮಾಡಿದ. ಹೊಸ ಮರದ ಹಿಡಿ ಕೂರಿಸಿದ. ಒರಟು ಕಲ್ಲಿನಲ್ಲಿ ಉಜ್ಜಿ, ನಯದ ಕಲ್ಲಿನ ಮೇಲೆ ನೀರು ಬಿಟ್ಟು ಮಸೆದ. ಸತ್ತಿತು ಎಂದು ಎಸೆದಿದ್ದ ಉಕ್ಕು ತುಕ್ಕಿನ ಕೆಳಗೆ ಕಣ್ಣು ಬಿಟ್ಟಿತು.

ಎಲ್ಲವನ್ನೂ ಹೊತ್ತುಕೊಂಡು ಆ ಊರಿಗೆ ಹೋದ. ಶಾಲೆಯ ಹಜಾರದಲ್ಲಿ ಬಟ್ಟೆ ಹಾಸಿ ಚಾಕುಗಳನ್ನು ಸಾಲಾಗಿ ಇಟ್ಟ. ಹೆಂಗಸರು ಸುತ್ತ ನೆರೆದರು. ಒಬ್ಬಳು ಬಗ್ಗಿ ಅಲಗನ್ನು ನೋಡಿದಳು. ಇನ್ನೊಬ್ಬಳ ಬೆರಳುಗಳು ತಾವಾಗಿ ಮಡಿಚಿಕೊಂಡು ಗಾಳಿಯಲ್ಲೇ ಹಿಡಿಯನ್ನು ಹಿಡಿದವು. ಆದರೆ ಯಾರೂ ಚಾಕನ್ನು ಮುಟ್ಟಲಿಲ್ಲ.

ಸಾಣೆಗಾರನಿಗೆ ರೇಗಿತು. “ಹಳೆಯದು ಎಂದು ಬೇಡವೇ?”

ಎದುರಿಗೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಒಬ್ಬ ಹೆಂಗಸು ನಿಂತಿದ್ದಳು. ಅವಳ ಗಂಡ ಮೀನುಗಾರ. ಸಮುದ್ರ ಒಯ್ದವರಲ್ಲಿ ಅವನೂ ಒಬ್ಬ. ಅವಳ ನಾಲಿಗೆಗೆ ಯಾರ ಸಾಣೆಯೂ ಬೇಕಿರಲಿಲ್ಲ.

“ಯಜಮಾನರೇ, ಚಾಕು ಮಸೆಯುವವರಿಗೆ ಚಾಕಿನ ಶಾಸ್ತ್ರವನ್ನು ನಾನು ಹೇಳಿಕೊಡಬೇಕೇ?” ಎಂದಳು.

ನಮ್ಮಲ್ಲಿ ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು ಎನ್ನುವುದಿಲ್ಲವೇ? ಆ ದೇಶದಲ್ಲಿ ಚಾಕಿಗೆ ಹಾಗೊಂದು ಮಾತಿದೆ. ಚಾಕನ್ನು ಪುಕ್ಕಟೆ ಪಡೆದರೆ ಕೊಟ್ಟವರಿಗೂ ಪಡೆದವರಿಗೂ ನಂಟು ಕಡಿಯುತ್ತದೆ. ಪಡೆದವರು ಎಷ್ಟೇ ಚಿಕ್ಕದಾಗಲಿ, ತಮ್ಮದೊಂದನ್ನು ತಿರುಗಿ ಕೊಡಬೇಕು. ಸಾಣೆಗಾರ ಜೀವಮಾನದಲ್ಲಿ ಒಂದು ಚಾಕನ್ನೂ ಪುಕ್ಕಟೆ ಕೊಟ್ಟವನಲ್ಲ. ಹಾಗಾಗಿ ಶಾಸ್ತ್ರ ಅವನ ನೆನಪಿಗೇ ಬಂದಿರಲಿಲ್ಲ.

“ಅಷ್ಟೇ ತಾನೇ? ಆ ಅಂಗಿಯ ಗುಂಡಿಯೊಂದನ್ನು ಕಿತ್ತು ಕೊಡಿ, ಸಾಕು” ಎಂದ.

“ಗುಂಡಿ ಲಾರಿಯಲ್ಲಿ ಬಂದದ್ದು. ಅಂಗಿಯೂ ಅದರಲ್ಲೇ ಬಂದದ್ದು. ನೀವು ಕೊಟ್ಟದ್ದನ್ನೇ ನಿಮ್ಮ ಕೈಗಿಟ್ಟು, ನಾನು ಕೊಟ್ಟೆ ಅಂತ ಜಂಬ ಪಡಲೇ?”

“ಹಾಗಾದರೆ ಶಾಸ್ತ್ರ ಬಿಡಿ.”

“ಮನೆ ಬಿಟ್ಟೆವು. ದೋಣಿ ಬಿಟ್ಟೆವು. ಇದೊಂದು ಉಳಿದಿದೆ, ಇದನ್ನೂ ಬಿಡು ಅನ್ನುತ್ತೀರಾ? ಹೊಟ್ಟೆಗೆ ಬೇಕಾದ್ದನ್ನು ಕೈಯೊಡ್ಡಿ ತಿಂದಿದ್ದೇವೆ. ಚಾಕನ್ನು ಹಾಗೆ ಪಡೆಯುವುದಿಲ್ಲ.”

ಸಾಣೆಗಾರ ಬಟ್ಟೆಯ ಅಂಚು ಹಿಡಿದು ಚಾಕುಗಳನ್ನು ಸುತ್ತತೊಡಗಿದ. ಬರುವಾಗ ಹಗುರಾಗಿದ್ದ ಗಂಟು ಈಗ ಬಂಡೆಯಾಗಿತ್ತು. ತಲೆ ಎತ್ತಿದಾಗ ಒಂದು ಕಿಟಕಿ ಕಣ್ಣಿಗೆ ಬಿತ್ತು. ಅದಕ್ಕೆ ಕಂಬಳಿ ಕಟ್ಟಿದ್ದರು. ಹಜಾರದಲ್ಲಿ ಕೂತವರೆಲ್ಲ ಅದಕ್ಕೆ ಬೆನ್ನು ಹಾಕಿ ಕೂತಿದ್ದರು. ಸಾಣೆಗಾರ ಹೋಗಿ ಕಂಬಳಿ ಸರಿಸಿದ. ಕೆಳಗೆ ಸಮುದ್ರವಿತ್ತು.

“ಇದೂ ಲಾರಿಯಲ್ಲಿ ಬಂತೇ?” ಎಂದುಬಿಟ್ಟ.

ಆಡಬಾರದ್ದನ್ನು ಆಡಿದೆ ಎಂದು ಸಾಣೆಗಾರ ನಾಲಿಗೆ ಕಚ್ಚಿಕೊಂಡ. ಆ ಹೆಂಗಸು ಕಿಟಕಿಯತ್ತ ನೋಡಿದಳು. ನೋಡುತ್ತಲೇ ನಿಂತಳು. ಆಮೇಲೆ ಬಂದು ಗಂಟು ಬಿಚ್ಚಿದಳು. ಮೀನಿನ ತಲೆ ಕಡಿಯುವ ದಪ್ಪ ಬೆನ್ನಿನ ಚಾಕೊಂದನ್ನು ಎತ್ತಿಕೊಂಡಳು.

“ತೆಗೆದುಕೊಂಡೆ ಅಂದುಕೊಳ್ಳಬೇಡಿ, ಇದು ಎರವಲು” ಎಂದಳು. “ಸಂಜೆಗೆ ನಿಮ್ಮ ಲೆಕ್ಕ ತೀರಿಸುತ್ತೇನೆ. ಆ ಸಮುದ್ರದ ಹತ್ತಿರವೂ ನನ್ನದೊಂದು ಲೆಕ್ಕ ಬಾಕಿಯಿದೆ.”

“ನನಗೂ ಎರವಲು” ಎಂದಳು ಇನ್ನೊಬ್ಬಳು. “ನನಗೂ.” “ಏ, ಆ ಉದ್ದದ್ದು ನನಗಿರಲಿ!” ನೋಡುತ್ತಿದ್ದಂತೆ ಬಟ್ಟೆ ಬರಿದಾಯಿತು.

ದಂಡೆಯಲ್ಲಿ ಮಗುಚಿ ಬಿದ್ದಿದ್ದ ದೋಣಿಯೊಂದನ್ನು ಗಂಡಸರು ಎತ್ತಿ ನಿಲ್ಲಿಸಿದರು. ಹರಿದ ಬಲೆಗೆ ಗಂಟು ಹಾಕಿದರು. ಅಲೆ ಬಂದ ದಿನದಿಂದ ನೀರಿಗೆ ಕಾಲಿಡದವರು ಅಂದು ಇಟ್ಟರು. ಹೆಂಗಸರು ಬಂಡೆಗಳ ಮೇಲಿನ ಕಡಲಪಾಚಿ ಕೊಯ್ದರು. ಬಲೆ ತುಂಬಿ ಬಂತು. ಚಾಕುಗಳು ಹಲಗೆಯ ಮೇಲೆ ಇಳಿದವು. ಟಕ ಟಕ, ಟಕ ಟಕ. ಆ ಸದ್ದು ಕೇಳಿ ಹಾಸಿಗೆ ಹಿಡಿದಿದ್ದ ಮುದುಕರೂ ಎದ್ದು ಬಂದು, ಮೀನು ಹೆಚ್ಚುವ ಬಗೆಯಲ್ಲಿ ತಪ್ಪು ಹುಡುಕತೊಡಗಿದರು. ಮೂರು ಕಲ್ಲು ಹೂಡಿ ಮೀನಿನ ಸಾರಿಗೆ ಹಂಡೆ ಏರಿಸಿದರು. ಒಲೆ ಹೊತ್ತಿತು.

ಅಷ್ಟರಲ್ಲಿ ಅನ್ನದ ಲಾರಿ ಬಂತು. ಚಾಲಕ ಇಳಿದು, “ಸಾಲಾಗಿ ಬನ್ನಿ, ಸಾಲಾಗಿ ಬನ್ನಿ!” ಎಂದು ಕೂಗಿದ. ದಿನವೂ ಹಾಗೇ ಕೂಗುತ್ತಿದ್ದ.

ಹಂಡೆಯ ಹಿಂದೆ ಸೌಟು ಹಿಡಿದು ನಿಂತಿದ್ದ, ಬೆನ್ನಿಗೆ ಮಗು ಕಟ್ಟಿಕೊಂಡ ಅದೇ ಹೆಂಗಸು ಸೊಂಟಕ್ಕೆ ಕೈಯಿಟ್ಟಳು. “ನೀನೇ ಬಾರಪ್ಪಾ ಸಾಲಿಗೆ. ಬಟ್ಟಲು ತಂದಿದ್ದೀಯೋ, ಅದನ್ನೂ ನಾವೇ ಕೊಡಬೇಕೋ?”

ಊರಿಗೆ ಊರೇ ನಕ್ಕಿತು. ಚಾಲಕ ಸಾಲಿನಲ್ಲಿ ನಿಂತ. ಅವನ ಹಿಂದೆ, ನೆರವಿಗೆಂದು ಬಂದಿದ್ದ ವೈದ್ಯ ನಿಂತ, ಅಧಿಕಾರಿ ನಿಂತ. ಮೊದಲ ಬಟ್ಟಲು ಸಾಣೆಗಾರನ ಪಾಲಿಗೆ ಬಂತು. ಅವನು ಒಂದು ಗುಟುಕು ಕುಡಿದ.

“ಉಪ್ಪು ಜಾಸ್ತಿಯಾಯಿತು” ಎಂದ.

“ಬಾಯಿ ಮುಚ್ಚಿಕೊಂಡು ಕುಡಿಯಿರಿ” ಎಂದು ಅವಳು ಇನ್ನೊಂದು ಸೌಟು ಸುರಿದಳು. “ಈಗ ಚಾಕು ನನ್ನದು.”

ಆ ಚಳಿಗಾಲದಲ್ಲಿ, ಚಾಕು ಕೊಟ್ಟ ಮನೆಮನೆಗೂ ಒಣಮೀನಿನ ಪೊಟ್ಟಣ ಬಂತು. ಮುಗಿದರೆ ಹೇಳಿ ಕಳಿಸಿ, ನಾಚಿಕೊಳ್ಳಬೇಡಿ ಎಂಬ ಮಾತೂ ಜೊತೆಗೆ ಬಂತು.

ಗುರುಗಳು ಕತೆ ಮುಗಿಸಿದರು. ಶಿಷ್ಯ ಯೋಚಿಸಿ, “ಹಾಗಾದರೆ ನಾವೂ ಚಾಕುಗಳನ್ನೇ ಒಯ್ಯಬೇಕಿತ್ತೇ?” ಎಂದ.

“ನೀನು ಒಯ್ದದ್ದು ಇರಲಿ, ಅಲ್ಲಿ ಯಾರ ಕೈಯಡುಗೆ ಉಂಡು ಬಂದೆ?” ಎಂದರು ಗುರುಗಳು.