ಸಿನಿಮಾ ನಿಲ್ಲಿಸಿದವರು ಯಾರು?

ಹೊಡೆದಾಟಕ್ಕೆ ಹೀರೋ ಕೈ ಎತ್ತಿದ್ದೇ ತಡ, ಸಿನಿಮಾ ನಿಂತುಹೋಯಿತು. ಗದಗಿನ ಆ ಟಾಕೀಸಿನ ತುಂಬ ಗದ್ದಲವೋ ಗದ್ದಲ. ಮಾಲೀಕ ಸಂಗಪ್ಪನವರು ಪ್ರೊಜೆಕ್ಟರ್ ರೂಮಿಗೆ ನುಗ್ಗಿ ಆಪರೇಟರ್ ಮೌಲಾಸಾಬನ ಮೇಲೆ ಹರಿಹಾಯ್ದರು.

"ನೀನ ಏನೋ ಒತ್ತೀದಿ. ನಡಿ, ಮಂದಿ ಮುಂದ ನಿಂತು ತಪ್ಪಾತು ಅನ್ನು."

ಮೌಲಾಸಾಬ ಪ್ರೊಜೆಕ್ಟರಿನ ಕಂಪ್ಯೂಟರಿನತ್ತ ತಿರುಗಿದ. "ಯಾರು ಏನು ಮಾಡಿದ್ರೂ ಈ ಕಂಪ್ಯೂಟರ್ ಲಾಗ್ ಫೈಲಿನಾಗ ಬರಕೊಂತೈತ್ರಿ, ನೋಡೂಣು" ಎಂದು ಫೈಲು ಹುಡುಕಿ ತೆರೆದ. ಕೊನೆಯ ಸಾಲು ಕಂಡದ್ದೇ ಕುಣಿಯುವಷ್ಟು ಖುಷಿಯಾಯಿತು. ಸಿನಿಮಾ ನಿಲ್ಲಿಸುವ ಆದೇಶ ಬಂದದ್ದು ಮಾಲೀಕರ ಕೋಣೆಯ ಕಂಪ್ಯೂಟರಿನಿಂದ.

"ಏನ್ ಬರದೈತೋ?"

"ಅಕ್ಷರ ಭಾಳ ಸಣ್ಣವು ಅದಾವ್ರಿ ಸಾವ್ಕಾರ್ರ. ದೊಡ್ಡ ಪರದೆಗೆ ಹಾಕ್ಲೇನ್ರಿ?"

ಸಂಗಪ್ಪನವರು ಕನ್ನಡಕ ಏರಿಸಿ ಬಗ್ಗಿ ಓದಿದರು. ಮುಖ ಬಿಳಚಿಕೊಂಡಿತು. "ಬ್ಯಾಡೋ ಮಾರಾಯಾ" ಎನ್ನುತ್ತ ಕೆಳಗೆ ಓಡಿ, ಜನರ ಮುಂದೆ ತಾವೇ ಕೈಮುಗಿದರು.

"ಮಷೀನ್ ಕೆಟ್ಟಿತ್ರಿ. ನಮ್ಮ ಮೌಲಾಸಾಬ ರಿಪೇರಿ ಮಾಡ್ಯಾನ. ಅವನಿಗೊಂದು ಸೀಟಿ ಹೊಡೀರಿ."