ಕವಳಿಕಾಯಿಯ ರಸ

“ಗುರುಗಳೇ, ಬಿಟ್ಟುಬಂದ ಊರು ಯಾಕೆ ಇಷ್ಟು ಸಿಹಿಯಾಗಿ ನೆನಪಾಗುತ್ತದೆ?” ಎಂದು ಶಿಷ್ಯ ಕೇಳಿದ. ಅವನು ಮಠಕ್ಕೆ ಬಂದು ಆರು ವರ್ಷವಾಗಿತ್ತು. ಅವ್ವನ ರೊಟ್ಟಿ, ತಂಗಿಯ ಜಗಳ, ಕೆರೆಯ ಈಜು ಎಂದು ಬೆಳಗಿನಿಂದ ಅದೇ ಮಾತು.

“ನನ್ನ ಬಾಯಲ್ಲೂ ನೀರೂರಿಸಿಬಿಟ್ಟೆ. ಇರಲಿ, ಒಂದು ಕತೆ ಕೇಳು” ಎಂದು ಗುರುಗಳು ನಕ್ಕು ಹೇಳತೊಡಗಿದರು.

ಗುಡ್ಡದ ಕೆಳಗಿನ ಹಳ್ಳಿಯಲ್ಲಿ ಒಬ್ಬ ಮುದುಕಿ ಇದ್ದಳು. ಯಾರ ಗಾಯ ಕೀವುಗಟ್ಟಿದರೂ ಗುಡ್ಡದ ಮುಳ್ಳುಪೊದೆ ಕವಳಿಕಂಟಿಯ ರಸ ಹಚ್ಚಿ ಮಾಯಿಸುತ್ತಿದ್ದಳು. ಆಮೇಲೆ ಅಂಗಡಿಗೆ ಮುಲಾಮು ಬಂತು. ಜನ ಅವಳನ್ನು ಆಡಿಕೊಳ್ಳತೊಡಗಿದರು. ಮುದುಕಿ ನೊಂದು ಯಾರ ಮನೆಗೂ ಹೋಗದಾದಳು.

ಅವಳ ತಮ್ಮನ ಮಗಳು ಪಟ್ಟಣದ ಪ್ರಯೋಗಾಲಯದಲ್ಲಿ ರೋಗಾಣುಗಳ ಅಭ್ಯಾಸ ಮಾಡುತ್ತಿದ್ದಳು. ಅತ್ತೆಯ ಮದ್ದು ಸುಳ್ಳಲ್ಲವೆಂದು ಊರಿಗೆ ತೋರಿಸಿಕೊಡುವ ಹಟ ತೊಟ್ಟು ಬೇಸಿಗೆಯಲ್ಲಿ ಬಂದಳು. ಗುಡ್ಡ ಹತ್ತಿ ಕಂಟಿಯ ಮುಂದೆ ನಿಂತಾಗ ಅವಳ ಕಣ್ಣು ತುಂಬಿದವು. ಉಡಿಯಲ್ಲಿ ಹಣ್ಣು ತುಂಬಿಕೊಂಡು, ತುಟಿ ಅಂಟಂಟಾಗುವವರೆಗೆ ತಿಂದ ದಿನಗಳು ನೆನಪಾದವು. ಕಪ್ಪಗೆ ಮಾಗಿದ ಹಣ್ಣುಗಳನ್ನೇ ಆರಿಸಿ ಒಯ್ದಳು. ರಸ ಹಿಂಡಿ ರೋಗಾಣುಗಳ ಮೇಲೆ ಹಾಕಿದಳು. ಅವು ಸಾಯಲಿಲ್ಲ. ಮೂರು ಸಲ ಮಾಡಿದರೂ ಅಷ್ಟೇ.

ಸಪ್ಪೆ ಮುಖ ಹೊತ್ತು ಹಳ್ಳಿಗೆ ಮರಳಿದಳು. “ಅತ್ತಿ, ಅದರಾಗ ಏನೂ ಸಿಗಲಿಲ್ಲ” ಎಂದಳು.

“ಎಂಥಾವು ಒಯ್ದಿದ್ದಿ, ಯವ್ವಾ?”

“ಕರ್ರಗ ಹಣ್ಣಾದವು.”

“ಹಣ್ಣು ತಿನ್ನಾಕ. ಗಾಯಕ್ಕ ನಾ ಹಾಲು ಸೋರೋ ಹಸರ ಕಾಯಿ ಜಜ್ಜಿ ಹಚ್ಚತಿದ್ದೆ. ಉರೀತದಂತ ನೀ ನನ್ನ ಕಂಡ್ರ ಓಡತಿದ್ದಿ. ಮೂರು ದಿನ ನನ್ನ ಕೂಡ ಮಾತು ಬಿಡತಿದ್ದಿ. ಮರತಿಯೇನು?”

ಅವಳು ನಿಜಕ್ಕೂ ಮರೆತಿದ್ದಳು. ಅಷ್ಟು ಓದಿದವಳು, ಒಯ್ಯುವ ಮೊದಲು ಅತ್ತೆಯನ್ನು ಒಂದು ಮಾತು ಕೇಳಿರಲಿಲ್ಲ. ಈ ಸಲ ಹಸಿರು ಕಾಯಿಗಳನ್ನು ಒಯ್ದಳು. ಅವುಗಳ ರಸ ಬಿದ್ದಲ್ಲಿ ರೋಗಾಣುಗಳು ಬೆಳೆಯಲಿಲ್ಲ. ಸುದ್ದಿ ಕೇಳಿದ ಹಳ್ಳಿಯವರು ಮುದುಕಿಯ ಕಟ್ಟೆಗೆ ಮತ್ತೆ ಬಂದು ಕೂತರು.

ಕತೆ ಮುಗಿಯಿತು. “ಆ ಹುಡುಗಿ ಅದನ್ನು ಹೇಗೆ ಮರೆತಳು ಗುರುಗಳೇ?” ಎಂದು ಶಿಷ್ಯ ಕೇಳಿದ.

“ಗದರಿಸಿ ಅಕ್ಷರ ಕಲಿಸಿ, ಅಳುತ್ತಿದ್ದ ನಿನ್ನನ್ನು ಇಲ್ಲಿಗೆ ತಂದು ಬಿಟ್ಟ ಅಪ್ಪನ ಮಾತನ್ನು ನೀನೂ ಬೆಳಗಿನಿಂದ ಒಮ್ಮೆಯೂ ಎತ್ತಲಿಲ್ಲ” ಎಂದರು ಗುರುಗಳು.