ಸೂಲಗಿತ್ತಿ ಏರಿದ ಬೆಟ್ಟ

"ಗುರುಗಳೇ, ದಿನವೂ ಬೆಳಗಾಗುತ್ತಲೇ ಸೂರ್ಯನಮಸ್ಕಾರ ಹಾಕುತ್ತಿದ್ದೇನೆ. ತೊಡೆ ನೋಯುತ್ತದೆ, ತೋಳು ನಡುಗುತ್ತದೆ. ಫಲ ಮಾತ್ರ ಕಾಣುತ್ತಿಲ್ಲ. ಅದು ಸಿಗುವುದು ಯಾವ ದಿನ?" ಎಂದು ಪಂಚಾಕ್ಷರಿ ಎಂಬ ಶಿಷ್ಯ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಬೆಟ್ಟದ ಬುಡದ ಊರೊಂದರಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಅವಳ ಕೈಗುಣ ದೊಡ್ಡದು. ಆದರೆ ನಡುವಯಸ್ಸು ದಾಟುವಷ್ಟರಲ್ಲಿ ಅವಳ ಸೊಂಟ ಹಿಡಿಯಿತು, ಮಂಡಿ ಬಿಗಿಯಿತು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಒಂದು ಸಲ ಬೆಟ್ಟದ ಮೇಲಿನ ಕುರಿಗಾಹಿಗಳ ಹಟ್ಟಿಯಿಂದ ಕರೆ ಬಂತು. ಅವಳು ಅರ್ಧ ದಾರಿ ಏರಿ ಕುಸಿದು ಕೂತಳು. ಹೇಗೋ ಎದ್ದು ಮೇಲೆ ಮುಟ್ಟುವ ಹೊತ್ತಿಗೆ ಬಾಣಂತಿ ಉಳಿದಿದ್ದಳು, ಕೂಸು ಉಳಿದಿರಲಿಲ್ಲ. ಹಟ್ಟಿಯವರು ಯಾರೂ ಅವಳನ್ನು ದೂರಲಿಲ್ಲ. ಅವಳಿಗೆ ಅದೇ ಹೆಚ್ಚು ನೋವಾಯಿತು.

ಅವಳ ತಮ್ಮ ಗರಡಿಯಲ್ಲಿ ಸಾಮು ಮಾಡುವವನು. ಅವನ ಬಳಿ ಹೋಗಿ, "ನೀವು ಗರಡಿಯವರು ಸೂರ್ಯನಿಗೆ ಹಾಕುವ ನಮಸ್ಕಾರವನ್ನು ನನಗೂ ಕಲಿಸು" ಎಂದಳು.

"ಅಕ್ಕಾ, ನಿನ್ನ ಕೈ ನೆಲ ಮುಟ್ಟೀತೇ?"

"ಎಲ್ಲಿಗೆ ಮುಟ್ಟುತ್ತದೋ ಅಲ್ಲಿಗೆ ಮುಟ್ಟಲಿ. ಬಗ್ಗುವುದಷ್ಟೇ ನನ್ನ ಕೆಲಸ."

ತಮ್ಮ ಕಲಿಸಿದ. ಉಸಿರೆಳೆದು ಕೈ ಎತ್ತುವುದು, ಉಸಿರು ಬಿಟ್ಟು ಬಗ್ಗುವುದು, ಕಾಲು ಹಿಂದಕ್ಕೆ ಚಾಚಿ ಮೈಯನ್ನು ನೆಲಕ್ಕೆ ತಾಗಿಸುವುದು, ಎದೆ ಎತ್ತುವುದು, ಮತ್ತೆ ಎದ್ದು ನಿಲ್ಲುವುದು. ಮೊದಮೊದಲು ಅವಳ ಕೈ ಮಂಡಿಯಲ್ಲೇ ನಿಂತಿತು. ಹಿತ್ತಲಿನ ಆಚೆಯಿಂದ ನೆರೆಯ ಹೆಂಗಸರು ನೋಡಿ ನಕ್ಕರು. ಅವಳೂ ನಕ್ಕಳು, ಆದರೆ ನಿಲ್ಲಿಸಲಿಲ್ಲ. ನೋವಿದ್ದ ದಿನ ಕಡಿಮೆ ಹಾಕಿದಳು. ಹಾಕದ ದಿನವಿರಲಿಲ್ಲ.

ಮಳೆಗಾಲ ಕಳೆಯಿತು, ಚಳಿಗಾಲ ಬಂತು. ಅವಳಿಗೆ ಚೆನ್ನಾಗಿ ಹಸಿವಾಗತೊಡಗಿತು, ನಿದ್ದೆ ಹತ್ತತೊಡಗಿತು. ಒಂದು ದಿನ ತುಂಬಿದ ಕೊಡ ಹೊತ್ತು ಮನೆಗೆ ಬಂದು ಇಳಿಸಿದ ಮೇಲೆ, ದಾರಿಯಲ್ಲಿ ಎಲ್ಲಿಯೂ ನಿಲ್ಲಲಿಲ್ಲವಲ್ಲ ಎಂದು ತನಗೆ ತಾನೇ ಬೆರಗಾದಳು.

ಮರುವರ್ಷ ಅದೇ ಹಟ್ಟಿಯಿಂದ, ಅದೇ ಹೆಂಗಸಿಗೆ ನೋವು ಬಂದಿದೆ ಎಂದು ಅವಳ ಗಂಡ ಓಡಿ ಬಂದ. ಕೂಸು ಅಡ್ಡ ತಿರುಗಿತ್ತು. ಸೂಲಗಿತ್ತಿ ಸೆರಗು ಬಿಗಿದು ಹೊರಟಳು. ಏರುದಾರಿಯಲ್ಲಿ ದಾರಿ ತೋರಿಸಬೇಕಾದವನೇ ಹಿಂದೆ ಬಿದ್ದ. ಅವನು ಹಟ್ಟಿ ಸೇರಿದಾಗ ಅವಳು ಆಗಲೇ ಒಲೆಗೆ ನೀರಿಡಿಸಿ, ಅವನ ಹೆಂಡತಿಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು. ಹೊತ್ತು ನೆತ್ತಿಯಿಂದ ಇಳಿಯುವ ತನಕ ಮಂಡಿಯೂರಿದ್ದವಳು ಮೇಲೇಳಲಿಲ್ಲ. ಮೆಲ್ಲಮೆಲ್ಲನೆ ಕೂಸನ್ನು ತಿರುಗಿಸಿದಳು. ಅವಳ ಉಸಿರು ಕೆಡಲಿಲ್ಲ, ಕೈ ನಡುಗಲಿಲ್ಲ. ಬಿಸಿಲು ತಗ್ಗುವ ಮೊದಲೇ ಕೂಸಿನ ಅಳು ಹಟ್ಟಿಗೆಲ್ಲ ಕೇಳಿಸಿತು. ತಾಯಿ ಕಣ್ಣು ತೆರೆದು ಮಗಳನ್ನು ನೋಡಿದಳು. ಗಂಡಸರು ಡೊಳ್ಳು ಕಟ್ಟಿಕೊಂಡು ಬಂದರು. ಸೂಲಗಿತ್ತಿಯನ್ನು ಮುಂದಿಟ್ಟುಕೊಂಡು, ಬಾರಿಸುತ್ತಲೇ ಊರಿನವರೆಗೆ ಬೆಟ್ಟ ಇಳಿದರು. ನಕ್ಕಿದ್ದ ನೆರೆಯ ಹೆಂಗಸರು ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದರು.

ಪಂಚಾಕ್ಷರಿಯ ಮುಖ ಅರಳಿತು. "ಹಾಗಾದರೆ ಅವಳಿಗೆ ಫಲ ಸಿಕ್ಕಿದ್ದು ಆ ದಿನ" ಎಂದ.

ಗುರುಗಳು ಕೇಳಿದರು: "ಆ ದಿನ ಅವಳು ಬೆಟ್ಟ ಏರಿದ್ದು ಯಾವ ದಿನ ಗಳಿಸಿದ ಕಾಲಿನ ಬಲದಿಂದ?"

ಮರುದಿನ ಬೆಳಗಾಗುತ್ತಲೇ ಪಂಚಾಕ್ಷರಿ, ಫಲ ಯಾವ ದಿನ ಎಂದು ಕೇಳದೆ, ನಮಸ್ಕಾರಕ್ಕೆ ನಿಂತ.